ಲೇಬಲ್‌ನಲ್ಲಿ ಜಾಗ ಇರಲಿಲ್ಲವಂತೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅರವತ್ತರ ದಶಕದ ಇಂಗ್ಲಿಷ್ ಬ್ಯಾಂಡ್‌ಗಳ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಬೀಟಲ್ಸ್ ಬಿಟ್ಟು ಬೇರೆಯವರ ಹೆಸರು ಕನ್ನಡ ಪತ್ರಿಕೆಯಲ್ಲಿ ಬರುವುದೇ ಅಪರೂಪ. ಆದರೆ ‘ದಿ ಹೌಸ್ ಆಫ್ ದಿ ರೈಸಿಂಗ್ ಸನ್’ ಹಾಡನ್ನು ‘ಅನಿಮಲ್ಸ್ ತಂಡದವರು ಬರೆದದ್ದು’ ಅಂತ ಹಾಕಿಬಿಟ್ಟಿದ್ದೀರಿ. ಅವರು ಬರೆದದ್ದಲ್ಲ. ಅದು ಅಮೆರಿಕದ ಜನಪದ ಹಾಡು. ನಮ್ಮ ಸೋಬಾನೆ ಪದಗಳ ಹಾಗೆ, ಮೊದಲು ಕಟ್ಟಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಪತ್ರವೇ ಅನ್ನಬೇಡಿ, ಈ ಹಾಡಿಗೂ ನನಗೂ ಹಳೇ ಲೆಕ್ಕ ಇದೆ. ಎಂಬತ್ತರ ದಶಕದಲ್ಲಿ ಮಂಡ್ಯದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಗಣೇಶನ ಪೆಂಡಾಲು, ಮದುವೆ, ರಾಜ್ಯೋತ್ಸವ, ಇಷ್ಟೇ. ಇಂಗ್ಲಿಷ್ ಹಾಡು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಆದರೂ ನಾನು ಮೊದಲು ಕಲಿತದ್ದು ಈ ಹಾಡಿನ ಶುರುವಿನ ಗಿಟಾರ್ ಬಿಟ್. ಎ ಮೈನರ್ ಎಂಬ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ತಂತಿಗಳನ್ನು ಒಂದೊಂದಾಗಿ ಮೀಟುತ್ತಾ ಹೋಗಬೇಕು, ಆಮೇಲೆ ಸಿ, ಡಿ, ಎಫ್. ಎಫ್‌ಗೆ ತೋರುಬೆರಳು ಅಡ್ಡ ಇಟ್ಟು ಆರೂ ತಂತಿ ಅದುಮಬೇಕಲ್ಲ, ಅಲ್ಲಿಗೆ ಬಂದಾಗ ಎರಡು ತಿಂಗಳು ನನ್ನ ಗಿಟಾರ್ ‘ಟಪ್’ ಅಂತಲೇ ಸತ್ತುಹೋಗುತ್ತಿತ್ತು. ಟೇಪ್ ರೆಕಾರ್ಡರ್ ಬ್ಯಾಟರಿ ಉಳಿಸಲು ಪೆನ್ಸಿಲ್ ತೂರಿಸಿ ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಅದನ್ನೇ ಕೇಳುತ್ತಿದ್ದೆ. ನಮ್ಮ ತಬಲಾದವನು ಮಾತ್ರ ‘ಇದು ದಾದ್ರಾ ಅಲ್ವಾ’ ಅಂದು ಆ ಆರು ಮಾತ್ರೆಯ ತಾಳವನ್ನು ಒಂದೇ ಸಲಕ್ಕೆ ಹಿಡಿದುಬಿಟ್ಟ.

ಈ ಹಾಡಿನ ಮೊದಲ ರೆಕಾರ್ಡಿಂಗ್‌ಗಳಲ್ಲಿ ಒಂದು 1933ರದು, ನಮ್ಮೂರ ಸಕ್ಕರೆ ಕಂಪನಿ ಹುಟ್ಟಿದ ವರ್ಷ. ಹಾಡಿದವನು ಕ್ಲಾರೆನ್ಸ್ ಆಷ್ಲಿ, ಅಜ್ಜನಿಂದ ಕಲಿತೆ ಅನ್ನುತ್ತಿದ್ದ. 1937ರಲ್ಲಿ ಅಲನ್ ಲೋಮ್ಯಾಕ್ಸ್ ಎಂಬ ಜನಪದ ಸಂಗ್ರಾಹಕ ಕೆಂಟಕಿಯ ಮಿಡಲ್ಸ್‌ಬರೋ ಊರಿನಲ್ಲಿ ಜಾರ್ಜಿಯಾ ಟರ್ನರ್ ಎಂಬ 16 ವರ್ಷದ ಹುಡುಗಿಯಿಂದ ಹಾಡಿಸಿಕೊಂಡು ಹೋದ. ಅವಳು ಹಾಡಿದ ರೂಪದಲ್ಲಿ ಆ ‘ರೈಸಿಂಗ್ ಸನ್’ ಮನೆಗೆ ಹೋಗಿ ಕೆಟ್ಟವಳು ಹೆಣ್ಣು. ಅನಿಮಲ್ಸ್ ಹಾಡಿದಾಗ ಅದು ಗಂಡಾಯಿತು. ಇವೆರಡರ ನಡುವೆ ನ್ಯೂಯಾರ್ಕ್‌ನ ಜನಪದ ಗಾಯಕ ಡೇವ್ ವಾನ್ ರಾಂಕ್ ಇದಕ್ಕೆ ಹೊಸ ಕಾರ್ಡ್‌ಗಳನ್ನು ಜೋಡಿಸಿದ, ಬಾಬ್ ಡಿಲನ್ ಅದನ್ನೇ ಎತ್ತಿಕೊಂಡು 1962ರ ತನ್ನ ಮೊದಲ ಆಲ್ಬಮ್‌ಗೆ ಹಾಕಿಕೊಂಡ. ಆಮೇಲೆ ವಾನ್ ರಾಂಕ್ ಹಾಡಿದರೆ ‘ಡಿಲನ್‌ದು ಕದ್ದೆ’ ಅಂದರು ಜನ. ಅನಿಮಲ್ಸ್ ಬಂದ ಮೇಲೆ ಡಿಲನ್ ಹಾಡಿದರೆ ‘ಅನಿಮಲ್ಸ್‌ದು ಕದ್ದೆ’ ಅಂದರು. ಚೆನ್ನಾಗಿದೆ ಅಲ್ವಾ?

ಅನಿಮಲ್ಸ್ ಅಂದರೆ ಇಂಗ್ಲೆಂಡಿನ ನ್ಯೂಕಾಸಲ್‌ನ ಐದು ಹುಡುಗರು. 1964ರ ಮೇ ತಿಂಗಳಲ್ಲಿ ಅಮೆರಿಕದ ರಾಕ್ ಗಾಯಕ ಚಕ್ ಬೆರ್ರಿ ಜೊತೆ ಊರೂರು ಸುತ್ತುತ್ತಿದ್ದಾಗ, ನಡುವೆ ಬಿಡುವು ಮಾಡಿಕೊಂಡು ಲಂಡನ್ನಿಗೆ ಬಂದು ಒಂದೇ ಟೇಕ್‌ನಲ್ಲಿ ಹಾಡು ಮುಗಿಸಿದರು. ಮೂರು ನಿಮಿಷ ದಾಟಿದರೆ ರೇಡಿಯೋದವರು ಮೂಗು ಮುರಿಯುತ್ತಿದ್ದ ಕಾಲ. ಇದು ನಾಲ್ಕೂವರೆ ನಿಮಿಷ. ಆದರೂ ಜುಲೈನಲ್ಲಿ ಬ್ರಿಟನ್ನಿನಲ್ಲಿ, ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು.

ಜಗಳ ಶುರುವಾದದ್ದು ರೆಕಾರ್ಡ್ ಮೇಲಿನ ಲೇಬಲ್ ನೋಡಿದಾಗ. ‘ಸಾಂಪ್ರದಾಯಿಕ, ಅಳವಡಿಕೆ: ಅಲನ್ ಪ್ರೈಸ್’ ಅಂತ ಆರ್ಗನ್ ನುಡಿಸಿದವನ ಹೆಸರು ಮಾತ್ರ ಇತ್ತು. ಐದು ಹೆಸರಿಗೆ ಲೇಬಲ್‌ನಲ್ಲಿ ಜಾಗ ಸಾಲದು ಅಂದರಂತೆ. ಅಳವಡಿಕೆಯ ರಾಯಲ್ಟಿ ಪೂರ್ತಿ ಅವನಿಗೆ. ನಾನು ಎರಡು ತಿಂಗಳು ಒದ್ದಾಡಿ ಕಲಿತ ಆ ಗಿಟಾರ್ ಬಿಟ್ ಹಿಲ್ಟನ್ ವ್ಯಾಲೆಂಟೈನ್‌ದು. 2021ರಲ್ಲಿ ತೀರಿಕೊಂಡ. ಲೇಬಲ್‌ನಲ್ಲಿ ಅವನಿಲ್ಲ. ಅಯ್ಯೋ ಅನಿಸುತ್ತದೆ. ಆದರೆ ಆ ಕೆಂಟಕಿ ಹುಡುಗಿಯ ಹೆಸರು ಹಾಕೋಣ ಅಂತ ಈ ಐವರಲ್ಲಿ ಯಾರಾದರೂ ಹೇಳಿದ್ದನ್ನು ನಾನಂತೂ ಎಲ್ಲೂ ಓದಿಲ್ಲ.

ನಾವೇನು ಕಡಿಮೆ? ನಮ್ಮ ಆರ್ಕೆಸ್ಟ್ರಾದವರನ್ನು ಒಮ್ಮೆ ಒಂದು ಕ್ಯಾಸೆಟ್ ಕಂಪನಿಯವರು ಸೋಬಾನೆ ಪದಕ್ಕೆ ನುಡಿಸಲು ಕರೆದರು. ಮಳವಳ್ಳಿ ಕಡೆಯ ಹಳ್ಳಿಯಿಂದ ಹೆಂಗಸರು ಬಂದಿದ್ದರು. ಹೇಳಿಕೊಡುತ್ತಿದ್ದ ಅಜ್ಜಿ ಕೀಬೋರ್ಡ್ ಕಡೆ ತಿರುಗಿಯೂ ನೋಡಲಿಲ್ಲ. ಎಲೆಅಡಿಕೆ ಉಗಿದು ಬಂದು ತಮ್ಮ ಶ್ರುತಿಯಲ್ಲೇ ಎತ್ತಿಕೊಂಡರು, ನಾನು ಗಿಟಾರ್ ಬಿರಡೆ ತಿರುಗಿಸುತ್ತಾ ಅವರ ಹಿಂದೆ ಓಡಬೇಕಾಯಿತು. ಕ್ಯಾಸೆಟ್ ಬಂದಾಗ ಒಳಗಿನ ಚೀಟಿಯಲ್ಲಿ ‘ಸಾಹಿತ್ಯ: ಜಾನಪದ’ ಅಂತಿತ್ತು. ‘ಸಂಗೀತ’ದ ಮುಂದೆ ಕೀಬೋರ್ಡ್‌ನವರ ಹೆಸರು ದಪ್ಪಕ್ಷರದಲ್ಲಿ. ‘ಗಾಯನ’ದ ಮುಂದೆ ಪೇಟೆಯ ಒಬ್ಬ ಗಾಯಕಿ ‘ಮತ್ತು ಸಂಗಡಿಗರು’. ಅಜ್ಜಿ ಆ ಸಂಗಡಿಗರಲ್ಲಿ ಸೇರಿಹೋಗಿದ್ದರು. ನಿಜ ಹೇಳಬೇಕೆಂದರೆ ಅವತ್ತು ನನಗೆ ಸಿಟ್ಟು ಬಂದದ್ದು ನನ್ನ ಹೆಸರು ಇಲ್ಲ ಅಂತ. ಅಜ್ಜಿಯ ಹೆಸರೇನು ಅಂತ ನಾನೂ ಕೇಳಿಕೊಂಡಿರಲಿಲ್ಲ.

ಇರಲಿ. ಮುಂದಿನ ಭಾನುವಾರ ತಿದ್ದುಪಡಿ ಹಾಕುವಾಗ ಸುಮ್ನೆ ‘ಜನಪದ ಹಾಡು’ ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಜಾರ್ಜಿಯಾ ಟರ್ನರ್ ಅಂತ ಎರಡು ಪದ ಸೇರಿಸಿ. ಜಾಗ ಇಲ್ಲ ಅಂದರೆ ಬೇಕಾದರೆ ನನ್ನ ಪತ್ರದಲ್ಲಿ ನಾಲ್ಕು ಸಾಲು ಹೊಡೆದುಹಾಕಿ.

ಇಂತಿ,
ಹಳೇ ಆರ್ಕೆಸ್ಟ್ರಾದ ಗಿಟಾರ್‌ನವನು, ಮಂಡ್ಯ