ಬಳ್ಳಾರಿ ಬಿಸಿಲಿಗೆ ಬಿಳಿ ವೈನ್ ಇಡಬೇಡಿ

ಮಾನ್ಯ ಸಂಪಾದಕರೇ,

ನಮ್ಮೂರಿನ ಅಂಗಡಿಗಳಲ್ಲಿ ಬಿಳಿ ವೈನ್ ಬಾಟಲಿಗಳನ್ನು ಇಡುವ ರೀತಿ ನೋಡಿ ಬೇಸರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಬಿಯರ್‌ಗೆ ಫ್ರಿಜ್ ಇದೆ. ವಿಸ್ಕಿ, ರಮ್ಮಿಗೆ ಅದು ಬೇಕಾಗಿಯೇ ಇಲ್ಲ. ವೈನ್ ಮಾತ್ರ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ಟ್ಯೂಬ್‌ಲೈಟ್ ಪಕ್ಕದಲ್ಲಿ, ಧೂಳು ಹಿಡಿದು ನಿಂತಿರುತ್ತದೆ. ಅದರ ಮೇಲೆ ತಗಡಿನ ಶೀಟು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದರೆ ಆ ಶೀಟಿನ ಕೆಳಗೆ ಎಷ್ಟಿರುತ್ತದೆ, ನೀವೇ ಹೇಳಿ.

ಹೋದ ಬೇಸಿಗೆಯಲ್ಲಿ ಅಂಥದ್ದೊಂದು ಅಂಗಡಿಯಿಂದ ನ್ಯೂಜಿಲೆಂಡಿನ ಸೋವಿನ್ಯೋ ಬ್ಲಾಂ ಎಂಬ ಬಿಳಿ ವೈನ್ ತಂದಿದ್ದೆ. ದುಬಾರಿ ಬಾಟಲಿ. ಮುಚ್ಚಳ ತಿರುಗಿಸಿದರೆ ಅದರ ಒಳಗೆಲ್ಲಾ ಅಂಟು, ಅಂದರೆ ಕಾವಿಗೆ ವೈನ್ ಉಬ್ಬಿ ಹೊರಗೆ ಜಿನುಗಿ ಒಣಗಿತ್ತು. ತೆಳು ಹಸಿರು ಛಾಯೆಯ ತಿಳಿ ಹಳದಿ ಇರಬೇಕಾದದ್ದು ಶೇಂಗಾ ಎಣ್ಣೆ ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಬಂದದ್ದು ಬೇಯಿಸಿದ ಸೇಬಿನ ವಾಸನೆ. ಮರುದಿನ ಕೇಳಿದರೆ ಅಂಗಡಿಯವರು, "ವೈನ್ ಹಳೇದಾದಷ್ಟೂ ಚೊಲೋ ಅಲ್ರೀ ಸರ್" ಅಂದರು. ಅವರು ಮೋಸ ಮಾಡಲಿಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಹಾಗೇ ನಂಬಿದ್ದಾರೆ. ಅದೇ ನನ್ನ ಚಿಂತೆ. ಕೆಲವು ಕೆಂಪು ವೈನ್‌ಗಳು, ಜರ್ಮನಿಯ ರೀಸ್ಲಿಂಗ್, ಫ್ರಾನ್ಸಿನ ಶಾಬ್ಲಿಯಂಥ ಕೆಲವು ಬಿಳಿ ವೈನ್‌ಗಳು ತಂಪಾದ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಇದ್ದು ಇನ್ನಷ್ಟು ರುಚಿಯಾಗುತ್ತವೆ, ಆ ಮಾತು ಬೇರೆ. ಆದರೆ ಈ ಸೋವಿನ್ಯೋ ಬ್ಲಾಂ ಬಹುತೇಕ ಹೊಸದಿದ್ದಾಗಲೇ ಕುಡಿಯುವ ವೈನ್.

ಅದು ಬರುವುದು ಎಂಥ ಕಡೆಯಿಂದ ಅಂತ ಸ್ವಲ್ಪ ಹೇಳಬೇಕು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉತ್ತರ ತುದಿಯಲ್ಲಿ ಮಾರ್ಲ್‌ಬರೋ ಎಂಬ ಸೀಮೆ. ಕುರಿ ಮೇಯುತ್ತಿದ್ದ ಬಯಲಿನಲ್ಲಿ 1973ರಲ್ಲಿ ದೊಡ್ಡ ಪ್ರಮಾಣದಲ್ಲಿ ದ್ರಾಕ್ಷಿ ಹಾಕಲು ಶುರು ಮಾಡಿದರು, ಸೋವಿನ್ಯೋ ಬ್ಲಾಂ ತಳಿ ಬಂದದ್ದು 1975ರಲ್ಲಿ. ಹಗಲು ಒಳ್ಳೆ ಬಿಸಿಲು, ರಾತ್ರಿ ಚಳಿ. ರಾತ್ರಿ ತಂಪಿದ್ದರೆ ಹಣ್ಣಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬೇಗ ಕರಗುವುದಿಲ್ಲ, ಸಕ್ಕರೆ ಏರಿದರೂ ಹುಳಿ ಗಟ್ಟಿಯಾಗಿ ಉಳಿಯುತ್ತದೆ. ಬಾಯಿಗಿಟ್ಟ ಕೂಡಲೇ ಚುರುಕ್ ಅನ್ನುವ ಆ ರುಚಿ ಬರುವುದೇ ಇದರಿಂದ. ಆಗಷ್ಟೇ ಕೊಯ್ದ ಹುಲ್ಲು, ಹಸಿ ದೊಣ್ಣೆ ಮೆಣಸಿನಕಾಯಿ, ಪ್ಯಾಶನ್ ಹಣ್ಣು, ಇವೆಲ್ಲಾ ಸೇರಿದ ವಾಸನೆ. ಅಲ್ಲಿನವರು ಎಷ್ಟು ಜೋಪಾನ ಮಾಡುತ್ತಾರೆ ಅಂದರೆ ಹೆಚ್ಚಾಗಿ ರಾತ್ರಿ ಹೊತ್ತು ಯಂತ್ರದಿಂದ ಕೊಯ್ಲು ಮಾಡಿ, ರಸವನ್ನು ಸ್ಟೀಲ್ ಟ್ಯಾಂಕಿನಲ್ಲಿ ತಂಪಾಗಿಟ್ಟು ನಿಧಾನಕ್ಕೆ ಹುಳಿಯಲು ಬಿಡುತ್ತಾರೆ. ಆ ಘಮ ಕೊಡುವ ಅಂಶಗಳಲ್ಲಿ ಹಲವು ಬಹಳ ನಾಜೂಕು, ಕಾವು ಹೆಚ್ಚಿದಷ್ಟೂ ಬೇಗ ಒಡೆದು ಹೋಗುತ್ತವೆ. ಆಮೇಲೆ ಬಾಟಲಿಯಲ್ಲಿ ಉಳಿಯುವುದು ಬರೀ ಹುಳಿ.

ವಿದೇಶಿ ವೈನ್ ಕತೆ ನಮಗ್ಯಾಕೆ ಅನ್ನುವವರಿಗೆ ಒಂದು ಮಾತು. ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ಕೃಸ್ಮಾ ಎಸ್ಟೇಟ್ಸ್‌ನವರು ಇದೇ ಸೋವಿನ್ಯೋ ಬ್ಲಾಂ ಬೆಳೆದು ವೈನ್ ಮಾಡುತ್ತಾರೆ. ನಂದಿ ಬೆಟ್ಟದ ಕಡೆಯದ್ದೂ ನಮ್ಮಲ್ಲಿ ಸಿಗುತ್ತದೆ. ನಮ್ಮ ಸೀಮೆ ಮಾರ್ಲ್‌ಬರೋ ಅಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ನಮ್ಮ ದ್ರಾಕ್ಷಿ ಬೆಳೆಗಾರರ ಜಾಣತನ ನೋಡಿ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಅಂದರೆ ಬಳ್ಳಿ ಸವರುವುದು), ಅಕ್ಟೋಬರ್ ಹೊತ್ತಿಗೆ ಇನ್ನೊಂದು. ಹಾಗಾಗಿ ಕಾಯಿ ಬಲಿಯುವುದು ಚಳಿಗಾಲದ ತಂಪು ರಾತ್ರಿಗಳಲ್ಲಿ, ಕಡು ಬೇಸಿಗೆ ಬರುವಷ್ಟರಲ್ಲಿ ಕೊಯ್ಲೇ ಮುಗಿದಿರುತ್ತದೆ. ಹೊಲದಲ್ಲಿ ಇಷ್ಟು ಕಷ್ಟಪಟ್ಟು ಬಿಸಿಲು ತಪ್ಪಿಸಿದ ಹಣ್ಣಿನ ವೈನನ್ನು ಅಂಗಡಿಯಲ್ಲಿ ಸುಮ್ನೆ ಬೇಯಿಸಿದರೆ ಬೆಳೆದವನ ಹೊಟ್ಟೆ ಉರಿಯುವುದಿಲ್ಲವೇ? ಮೊದಲ ಸಲ ಕುಡಿದವನು "ವೈನ್ ಅಂದರೆ ಇಷ್ಟೇನಾ" ಅಂತ ಮತ್ತೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ನಷ್ಟ ಯಾರಿಗೆ?

ರಾಜ್ಯ ಸರ್ಕಾರ 2007ರಲ್ಲೇ ವೈನ್ ನೀತಿ ತಂದಿದೆ, ವೈನ್ ಮಂಡಳಿಯೂ ಇದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಅಂಗಡಿಯವರನ್ನು ಕರೆದು ಅರ್ಧ ದಿನ ಕೂರಿಸಿ ಇದನ್ನೆಲ್ಲಾ ತಿಳಿಸಿದರೆ ಸಾಕು, ದೊಡ್ಡ ಖರ್ಚೇನೂ ಇಲ್ಲ. ವೈನ್ ಇಡುವ ಜಾಗ 12ರಿಂದ 14 ಡಿಗ್ರಿ ಇದ್ದರೆ ಒಳ್ಳೆಯದು. ಅದಕ್ಕೆಂದೇ ಬೇರೆ ಫ್ರಿಜ್ ಇಡಲು ಆಗದಿದ್ದರೆ, ಬಿಯರ್ ಫ್ರಿಜ್ಜಿನ ಕೆಳಗಿನ ಒಂದು ಸಾಲನ್ನಾದರೂ ಬೇಸಿಗೆಯಲ್ಲಿ ಬಿಳಿ ವೈನಿಗೆ ಬಿಡಲಿ. ಗೋದಾಮು ಮತ್ತು ಲಾರಿಗಳ ಕಡೆಗೂ ಅಬಕಾರಿ ಇಲಾಖೆ ಗಮನ ಕೊಡಬೇಕು, ಯಾಕೆಂದರೆ ಅಂಗಡಿಗೆ ಬರುವ ಮೊದಲೇ ಕೆಟ್ಟಿದ್ದರೆ ಅಂಗಡಿಯವರು ಪಾಪ ಏನು ಮಾಡಿಯಾರು.

ಕೊಳ್ಳುವವರೂ ಕೇಳಿ ತಗೊಳ್ಳಬೇಕು. ಲೇಬಲ್ ಮೇಲೆ ದ್ರಾಕ್ಷಿ ಕೊಯ್ಲಿನ ವರ್ಷ ಇರುತ್ತದೆ, ತೀರಾ ಹಳೇದಾದರೆ ಬೇಡ ಅನ್ನಿ. ಮನೆಗೆ ತಂದು 8-10 ಡಿಗ್ರಿಗೆ ತಂಪು ಮಾಡಿ, ತುಂಗಭದ್ರೆಯ ಮೀನಿನ ಫ್ರೈ ಇಲ್ಲವೇ ಬಿಸಿ ಮಿರ್ಚಿ ಬಜ್ಜಿ ಜೊತೆ ಒಂದು ಸಣ್ಣ ಗ್ಲಾಸು ಕುಡಿದು ನೋಡಿ. ಎಣ್ಣೆ ಜಿಡ್ಡನ್ನು ಆ ಹುಳಿ ಹೇಗೆ ಕತ್ತರಿಸುತ್ತದೆ ಅಂತ ಗೊತ್ತಾಗುತ್ತದೆ. ಮುಚ್ಚಳದ ಒಳಗೆ ಅಂಟಿದ್ದು ಬಣ್ಣವೂ ಗಾಢವಾಗಿದ್ದರೆ ಮಾತ್ರ ಬಾಟಲಿ ವಾಪಸ್ ಕೊಡಿ. ಅದನ್ನು ಬದಲಿಸಿ ಕೊಡುವುದು ಅಂಗಡಿಯವರ ಜವಾಬ್ದಾರಿ ಅಂತ ಇಲಾಖೆಯೇ ಒಂದು ಸುತ್ತೋಲೆ ಹೊರಡಿಸಲಿ.

— ಓದುಗ, ಸತ್ಯನಾರಾಯಣಪೇಟೆ, ಬಳ್ಳಾರಿ