ಹಳೆಯ ಐಫೋನ್ ಊರಿಗೆ ಬರುವ ಮೊದಲು

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ಹೊಸ ಫೋನಿನ ಬಗ್ಗೆ ಬರುವ ಬರಹಗಳಲ್ಲಿ ಕ್ಯಾಮೆರಾ, ಬ್ಯಾಟರಿ, ಬೆಲೆ ಎಲ್ಲ ಇರುತ್ತದೆ. ಆಂಡ್ರಾಯ್ಡ್ ಬಿಟ್ಟು ಐಫೋನಿಗೆ ಹೋದರೆ ದಿನಬಳಕೆಯ ಆ್ಯಪ್‌ಗಳ ಕಥೆ ಏನು ಅನ್ನುವುದು ಮಾತ್ರ ಇರುವುದಿಲ್ಲ. ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ತಾವು ಹೊಸದು ಕೊಂಡು, ಹಳೆಯ ಐಫೋನನ್ನು ಊರಲ್ಲಿರುವ ಅಪ್ಪ ಅಮ್ಮನ ಕೈಗಿಟ್ಟು, ರಜೆ ಮುಗಿಯಿತು ಅಂತ ಹೊರಟುಬಿಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ, ಎರಡು ಮಾತಿಲ್ಲ. ಆಮೇಲೆ ಒದ್ದಾಡುವವರು ಹಿರಿಯರು.

ಹೆಚ್ಚು ನೋವಾಗುವುದು ವಾಟ್ಸಾಪ್ ವಿಷಯದಲ್ಲಿ. ಗೂಗಲ್ ಡ್ರೈವ್‌ನಲ್ಲಿರುವ ವಾಟ್ಸಾಪ್ ಬ್ಯಾಕಪ್ ಐಫೋನಿನಲ್ಲಿ ತೆರೆಯುವುದಿಲ್ಲ. ಆ್ಯಪಲ್‌ನ ಮೂವ್ ಟು ಐಒಎಸ್ ಆ್ಯಪ್ ಮೂಲಕ ಹಳೆಯ ಮಾತುಕತೆ ಸಾಗಿಸಲು 2022ರಿಂದ ದಾರಿ ಇದೆ. ಆದರೆ ಐಫೋನನ್ನು ಮೊದಲಿನಿಂದ ಸೆಟಪ್ ಮಾಡುವಾಗಲೇ ಅದು ಆಗಬೇಕು, ಎರಡೂ ಫೋನ್ ಪಕ್ಕಪಕ್ಕ ಇರಬೇಕು. ಅವಸರದಲ್ಲಿ ಸಿಮ್ ಹಾಕಿ ವಾಟ್ಸಾಪ್ ತೆರೆದು ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟರೆ ಎಲ್ಲ ಹೋಯಿತು. ತೀರಿಕೊಂಡವರ ದನಿ ಇರುವ ವಾಯ್ಸ್ ಮೆಸೇಜ್‌ಗಳೂ ಅದರಲ್ಲೇ ಇರುತ್ತವೆ, ಅಲ್ವಾ?

ನನ್ನ ಮಾತು ಇಷ್ಟೇ. ಆ್ಯಪ್ ಆರಿಸುವಾಗ ಹೆಸರು ನೋಡಬೇಡಿ. ಅದು ಎರಡೂ ಕಡೆ ಸಿಗುತ್ತದೆಯಾ, ನಾವು ಬರೆದಿಟ್ಟದ್ದನ್ನು ಹೊರಗೆ ತೆಗೆಯಲು ಬಿಡುತ್ತದೆಯಾ, ಅದನ್ನು ನೋಡಿ. ಮನೆಯ ಲೆಕ್ಕ, ಔಷಧಿ ಪಟ್ಟಿಯನ್ನು ಫೋನ್ ಕಂಪನಿಯದೇ ನೋಟ್ಸ್ ಆ್ಯಪ್‌ನಲ್ಲಿ ಇಟ್ಟವರಿಗೆ ಅದನ್ನು ಬೇರೆ ಕಡೆ ಒಯ್ಯುವುದು ಕಷ್ಟ. ನಂಬರುಗಳು ಫೋನಿನಲ್ಲಿ ಮಾತ್ರ ಇದ್ದರೆ ಮೊದಲು ಗೂಗಲ್ ಖಾತೆಗೆ ಸೇರಿಸಿ, ಐಫೋನಿನಲ್ಲೂ ಬರುತ್ತವೆ. ಫೋಟೋಗಳಿಗೆ ಗೂಗಲ್ ಫೋಟೋಸ್ ಬಿಡುವ ಅಗತ್ಯವೇ ಇಲ್ಲ. ಅಲ್ಲಿ ಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ ಉಚಿತ, ಆ್ಯಪಲ್‌ನ ಐಕ್ಲೌಡ್‌ನಲ್ಲಿ 5 ಜಿಬಿ ಮಾತ್ರ. ಪ್ಲೇ ಸ್ಟೋರಿನಲ್ಲಿ ದುಡ್ಡು ಕೊಟ್ಟು ಕೊಂಡ ಆ್ಯಪ್ ಆ್ಯಪಲ್ ಕಡೆ ನಡೆಯುವುದಿಲ್ಲ.

ಕನ್ನಡದ ವಿಷಯದಲ್ಲಿ ಸ್ಥಿತಿ ಸುಧಾರಿಸಿದೆ. 2025ರಲ್ಲಿ ಬಂದ ಐಒಎಸ್ 18.4 (ಐಫೋನನ್ನು ನಡೆಸುವ ತಂತ್ರಾಂಶ) ಆವೃತ್ತಿಯಿಂದ ಇಡೀ ಐಫೋನನ್ನೇ ಕನ್ನಡದಲ್ಲಿ ಇಟ್ಟುಕೊಳ್ಳಬಹುದು. ತುಂಬಾ ತಡವಾಯಿತು, ಆದರೂ ಬಂತಲ್ಲ. ಗೂಗಲ್‌ನ ಕೀಬೋರ್ಡ್ ಜಿಬೋರ್ಡ್ ಅಭ್ಯಾಸ ಇದ್ದವರಿಗೆ ಅದೂ ಸಿಗುತ್ತದೆ. ಪಾಸ್‌ವರ್ಡ್ ಜಾಗದಲ್ಲಿ ಮಾತ್ರ ಅದು ಮರೆಯಾಗಿ ಆ್ಯಪಲ್‌ನ ಕೀಬೋರ್ಡ್ ಬರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹಿರಿಯರು ಫೋನ್ ಕೆಟ್ಟಿತು ಅಂತ ಸುಮ್ನೆ ಗಾಬರಿಯಾಗುತ್ತಾರೆ. ಒತ್ತಕ್ಷರ ಇರುವ ನಾಲ್ಕು ಸಾಲು ಅವರ ಕೈಯಲ್ಲೇ ಬರೆಸಿ ನೋಡಿ.

ಯುಪಿಐಗೆ ಹೊಸ ಫೋನಿನಲ್ಲಿ ಮತ್ತೆ ನೋಂದಣಿ ಆಗಬೇಕು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್‌ನಿಂದಲೇ ಎಸ್‌ಎಂಎಸ್ ಹೋಗಬೇಕು. ಐಫೋನಿನಲ್ಲಿ ಆ ಮೆಸೇಜ್ ಕಳಿಸುವ ಬಟನ್ ನಾವೇ ಒತ್ತಬೇಕು. ಶುರುವಿನಲ್ಲಿ ಕಳಿಸುವ ಹಣಕ್ಕೆ ಮಿತಿಯೂ ಇರುತ್ತದೆ, ಹಾಗಾಗಿ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಫೋನ್ ಬದಲಿಸಬೇಡಿ.

ಇನ್ನೊಂದು ದೂರು. ಕೆಲವು ಸೊಸೈಟಿ, ಶಾಲೆಯವರು ಎಪಿಕೆ ಫೈಲನ್ನು (ಪ್ಲೇ ಸ್ಟೋರ್ ಇಲ್ಲದೆ ನೇರ ಹಾಕುವ ಆಂಡ್ರಾಯ್ಡ್ ಆ್ಯಪ್) ವಾಟ್ಸಾಪ್‌ನಲ್ಲಿ ಕಳಿಸಿ ಇದನ್ನೇ ಹಾಕಿಕೊಳ್ಳಿ ಅನ್ನುತ್ತಾರೆ. ಐಫೋನಿನಲ್ಲಿ ಅದನ್ನು ಹಾಕಿಕೊಳ್ಳಲು ಆಗುವುದೇ ಇಲ್ಲ. ಆಂಡ್ರಾಯ್ಡ್‌ನವರಿಗೂ ಅಪಾಯ, ಇಂಥ ಫೈಲ್ ಒತ್ತಿ ಖಾತೆ ಖಾಲಿಯಾದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಜನರ ಕೆಲಸದ ಆ್ಯಪ್ ಮಾಡುವವರು ಎರಡೂ ಸ್ಟೋರಿನಲ್ಲಿ ಇಡಲಿ, ಆಗದಿದ್ದರೆ ಕನ್ನಡದಲ್ಲಿ ಒಂದು ವೆಬ್‌ಸೈಟ್ ಕೊಡಲಿ.

ಫೋನ್ ಕೊಡುವ ಮಕ್ಕಳು ದಯವಿಟ್ಟು ಊರಿಗೆ ಬಂದ ಮೊದಲ ದಿನವೇ ಬದಲಿಸಿಕೊಡಿ, ಹೊರಡುವ ದಿನ ಅಲ್ಲ. ಹಳೆಯ ಆಂಡ್ರಾಯ್ಡನ್ನು ಒಂದೆರಡು ತಿಂಗಳು ಅಳಿಸದೆ ಹಾಗೇ ಇಡಿ.

– ಒಬ್ಬ ಓದುಗ, ಸಾಗರ