ಪುಟ್ಟೀ, ಮೊದಲು ಪೂರ್ತಿ ಓದು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಸೆಮಿನಾರ್ ಪ್ರಬಂಧ ಓದಿದೆ. ಚೆನ್ನಾಗಿ ಬರೆಯುತ್ತೀಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಟಪುಟಕ್ಕೂ 'ಈ ಕೃತಿಗೆ ಸ್ಥಿರವಾದ ಅರ್ಥವಿಲ್ಲ' ಅಂತ ಹೇಳಿ, ಅದನ್ನೇ ನಿರಚನೆ ಅಂತ ಕರೆದು ಮುಂದೆ ಹೋಗಿಬಿಟ್ಟಿದ್ದೀಯ. ಇದು ನನಗೆ ಹಿಡಿಸಲಿಲ್ಲ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಈ ವಿಷಯ ನನಗೆ ತುಂಬಾ ಹತ್ತಿರದ್ದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿರಚನೆ ಅನ್ನುವ ಓದಿನ ಕ್ರಮ ಕೊಟ್ಟ ಫ್ರೆಂಚ್ ತತ್ವಜ್ಞಾನಿ ಡೆರಿಡಾ ನಿಜವಾಗಿ ಏನು ಮಾಡಿದ ಅಂತ ನೋಡಬೇಕಾದರೆ ಪ್ಲೇಟೋನ 'ಫೀಡ್ರಸ್' ಸಂವಾದದ ಕೊನೆಯ ಭಾಗ ತೆಗೆದುಕೋ. ಅಲ್ಲಿ ಸಾಕ್ರಟೀಸ್ ಈಜಿಪ್ಟಿನ ಒಂದು ಕಥೆ ಹೇಳುತ್ತಾನೆ. ಥೂತ್ ಅನ್ನುವ ದೇವತೆ ಬರವಣಿಗೆಯನ್ನು ಕಂಡುಹಿಡಿದು, ಇದರಿಂದ ಜನರ ನೆನಪು ಹೆಚ್ಚುತ್ತದೆ ಅಂತ ರಾಜ ಥಾಮುಸ್‌ನ ಮುಂದೆ ತಂದಿಡುತ್ತಾನೆ. ರಾಜ ಒಪ್ಪುವುದಿಲ್ಲ. ಬರೆದಿಟ್ಟರೆ ಜನ ನೆನಪಿಟ್ಟುಕೊಳ್ಳುವುದನ್ನೇ ಬಿಡುತ್ತಾರೆ ಅನ್ನುತ್ತಾನೆ. ಸಾಕ್ರಟೀಸ್ ಇನ್ನೂ ಮುಂದೆ ಹೋಗುತ್ತಾನೆ: ಬರಹವನ್ನು ಪ್ರಶ್ನೆ ಕೇಳಿದರೆ ಉತ್ತರ ಬರುವುದಿಲ್ಲ, ಅದು ಯಾರ ಕೈಗೆ ಬೇಕಾದರೂ ಸಿಗುತ್ತದೆ, ಯಾರಾದರೂ ತಪ್ಪು ತಿಳಿದರೆ ಅದರ ಪರವಾಗಿ ಮಾತಾಡಲು ಅದರ ಅಪ್ಪನೇ, ಅಂದರೆ ಬರೆದವನೇ, ಬರಬೇಕು. ಹಾಗಾದರೆ ನಿಜವಾದ ಮಾತು ಯಾವುದು? ಕಲಿಯುವವನ ಆತ್ಮದಲ್ಲಿ ಬರೆಯಲ್ಪಟ್ಟ ಮಾತು, ಅನ್ನುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲು. ಬರಹವನ್ನು ಬಾಗಿಲಿನಿಂದ ಹೊರಗೆ ಹಾಕಿದವನಿಗೆ, ಜೀವಂತ ಮಾತಿನ ಹಿರಿಮೆ ಹೇಳುವಾಗ ಮತ್ತೆ ಬರೆಯುವುದರ ಸಹಾಯವೇ ಬೇಕಾಯಿತು ಅಲ್ವಾ? ಅದೂ ಅಲ್ಲದೆ, ಸ್ವತಃ ಏನನ್ನೂ ಬರೆಯದ ಸಾಕ್ರಟೀಸ್‌ನ ಈ ಮಾತುಗಳು ನಮಗೆ ಸಿಕ್ಕಿದ್ದು ಪ್ಲೇಟೋ ಬರೆದಿಟ್ಟದ್ದರಿಂದ. 1968ರಲ್ಲಿ ಡೆರಿಡಾ ಈ ಸಂವಾದದ ಬಗ್ಗೆ ಒಂದು ದೊಡ್ಡ ಪ್ರಬಂಧ ಬರೆದ. ಪ್ಲೇಟೋ ಸುಳ್ಳು ಹೇಳಿದ, ಪ್ಲೇಟೋಗೆ ಅರ್ಥವಿಲ್ಲ ಅಂತ ಅದರಲ್ಲಿ ಎಲ್ಲೂ ಸಾರುವುದಿಲ್ಲ. ಒಂದೊಂದೇ ಪದ ಹಿಡಿದು, ಪ್ಲೇಟೋ ಹೇಳಲು ಹೊರಟದ್ದಕ್ಕೂ ಅವನ ವಾಕ್ಯಗಳು ಮಾಡುವುದಕ್ಕೂ ಎಲ್ಲಿ ಹೊಂದುವುದಿಲ್ಲ ಅಂತ ತೋರಿಸುತ್ತಾ ಹೋಗುತ್ತಾನೆ. ಆ ತಾಳ್ಮೆ ನೋಡಿದರೆ ನನಗೆ ಈಗಲೂ ಗೌರವ ಉಕ್ಕುತ್ತದೆ.

ಇದು ಶೂನ್ಯದಿಂದ ಬಂದದ್ದೂ ಅಲ್ಲ. 1927ರಲ್ಲಿ ಜರ್ಮನ್ ತತ್ವಜ್ಞಾನಿ ಹೈಡೆಗರ್, ತತ್ವಶಾಸ್ತ್ರದ ಹಳೆಯ ಪರಂಪರೆಯನ್ನು ಪದರ ಪದರವಾಗಿ ಬಿಚ್ಚಿ ಅದರಲ್ಲಿ ಏನು ಮುಚ್ಚಿಹೋಗಿದೆ ಅಂತ ನೋಡಬೇಕು ಅಂದಿದ್ದ. ಅದಕ್ಕೆ ಹೊಂದುವ ಫ್ರೆಂಚ್ ಪದ ಹುಡುಕುವಾಗ ಡೆರಿಡಾಗೆ ಸಿಕ್ಕಿದ್ದು ಡಿಕನ್‌ಸ್ಟ್ರಕ್ಷನ್, ನಾವು ನಿರಚನೆ ಅನ್ನುವುದು. ಇನ್ನೊಂದು ಕಡೆ ಸ್ವಿಸ್ ಭಾಷಾವಿಜ್ಞಾನಿ ಸೊಸ್ಯೂರ್ ಇದ್ದ. ಅವನ ಪಾಠಗಳನ್ನು ಅವನು ತೀರಿಕೊಂಡ ಮೇಲೆ, 1916ರಲ್ಲಿ, ಪುಸ್ತಕವಾಗಿ ತಂದರು. ಪದಕ್ಕೆ ಅರ್ಥ ಬರುವುದು ಬೇರೆ ಪದಗಳಿಗಿಂತ ಅದು ಬೇರೆಯಾಗಿರುವುದರಿಂದ ಅಂತ ಸೊಸ್ಯೂರ್ ಹೇಳಿದ. ಆದರೂ ಬರಹವನ್ನು ಮಾತಿನ ಬರೀ ನೆರಳು ಅಂತ ಪಕ್ಕಕ್ಕಿಟ್ಟ. ಡೆರಿಡಾ ಅದನ್ನೇ ಹಿಡಿದು ಕೇಳಿದ: ಎಲ್ಲವೂ ವ್ಯತ್ಯಾಸದಿಂದಲೇ ಆಗುವುದಾದರೆ, ಮಾತು ಮಾತ್ರ ಹೇಗೆ ಶುದ್ಧ, ಬರಹ ಮಾತ್ರ ಹೇಗೆ ಹೊರಗಿನದು? 1966ರ ಅಕ್ಟೋಬರಿನಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಓದಿದ ಒಂದು ಪ್ರಬಂಧ, ಮರುವರ್ಷ ಒಟ್ಟಿಗೇ ಬಂದ ಮೂರು ಪುಸ್ತಕಗಳು, ಅಲ್ಲಿಂದ ಈ ಹೆಸರು ಹರಡಿತು. ಅದರಲ್ಲಿ 'ಆಫ್ ಗ್ರಾಮಟಾಲಜಿ'ಯನ್ನು 1976ರಲ್ಲಿ ಇಂಗ್ಲಿಷಿಗೆ ತಂದವರು ಕಲ್ಕತ್ತಾದಲ್ಲಿ ಹುಟ್ಟಿದ ಗಾಯತ್ರಿ ಚಕ್ರವರ್ತಿ ಸ್ಪಿವಾಕ್. ಅವರ ಉದ್ದನೆಯ ಮುನ್ನುಡಿಯನ್ನು ಬಿಡಬೇಡ.

ಒಳಗೆ, ಹೊರಗೆ ಅನ್ನುವ ಗೆರೆಯ ಮೇಲೆ ಡೆರಿಡಾಗೆ ಯಾಕೆ ಅಷ್ಟು ಕಣ್ಣು ಅಂತ ನಾನು ಯೋಚಿಸಿದ್ದುಂಟು. ಆತ ಹುಟ್ಟಿದ್ದು 1930ರಲ್ಲಿ, ಫ್ರಾನ್ಸ್ ಆಳುತ್ತಿದ್ದ ಅಲ್ಜೀರಿಯಾದ ಎಲ್ ಬಿಯಾರ್‌ನಲ್ಲಿ, ಯಹೂದಿ ಮನೆಯಲ್ಲಿ. 1940ರಲ್ಲಿ, ನಾಜಿಗಳ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರ ಅಲ್ಲಿನ ಯಹೂದಿಗಳ ಪೌರತ್ವ ಕಿತ್ತುಕೊಂಡಿತು. 1942ರಲ್ಲಿ, ಹನ್ನೆರಡು ವರ್ಷದ ಹುಡುಗನನ್ನು ಯಹೂದಿ ಅನ್ನುವ ಕಾರಣಕ್ಕೇ ಶಾಲೆಯಿಂದ ಹೊರಗೆ ಕಳಿಸಿದರು. ಬದುಕಿನಿಂದ ಸಿದ್ಧಾಂತ ನೇರವಾಗಿ ಹುಟ್ಟುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಗೆರೆ ಎಳೆಯುವ ಕೈ ಯಾವುದು ಅಂತ ಆ ಹುಡುಗ ಬೇಗ ನೋಡಿಬಿಟ್ಟ.

ಈಗ ನಿನಗೆ ಹೇಳಲೇಬೇಕಾದ್ದು. 'ಆಫ್ ಗ್ರಾಮಟಾಲಜಿ'ಯಲ್ಲೇ ಹದಿನೆಂಟನೆಯ ಶತಮಾನದ ಚಿಂತಕ ರೂಸೋನನ್ನು ಓದುವಾಗ ಡೆರಿಡಾ ಒಂದು ಎಚ್ಚರಿಕೆ ಕೊಡುತ್ತಾನೆ. ಲೇಖಕ ಏನು ಹೇಳಲು ಬಯಸಿದ, ಅವನ ಕಾಲದ ಭಾಷೆ ಏನು, ಹಳಬರು ಹೇಗೆ ಓದಿದ್ದಾರೆ, ಈ ಸಾಂಪ್ರದಾಯಿಕ ಓದಿನ ಶಿಸ್ತು ಇಲ್ಲದಿದ್ದರೆ ವಿಮರ್ಶೆ ಎತ್ತ ಬೇಕಾದರೂ ಹೋಗಿ, ಏನು ಬೇಕಾದರೂ ಹೇಳಬಹುದು ಅನ್ನುತ್ತಾನೆ. ಆ ಶಿಸ್ತು ಸೇತುವೆಯ ಕಟಕಟೆಯ ಹಾಗೆ, ಬೀಳದಂತೆ ಕಾಯುತ್ತದೆ, ಆದರೆ ಅದೊಂದೇ ಹೊಸ ಓದನ್ನು ತೆರೆಯುವುದಿಲ್ಲ. ನೀನು ಈ ಮಾತಿನ ಎರಡನೆಯ ಅರ್ಧವನ್ನು ಮಾತ್ರ ಹಿಡಿದಿದ್ದೀಯ. ಮೊದಲ ಅರ್ಧದ ಕೆಲಸವೇ ಜಾಸ್ತಿ ಹೊತ್ತು ಹಿಡಿಯುವುದು.

ಇನ್ನೊಂದು, ನಿರಚನೆಯನ್ನು ಗುರಾಣಿ ಮಾಡಿಕೊಳ್ಳಬೇಡ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಈ ಓದಿನ ದೊಡ್ಡ ಹೆಸರು ಪಾಲ್ ಡಿ ಮಾನ್. ತೀರಿಕೊಂಡದ್ದು 1983ರಲ್ಲಿ. 1987ರಲ್ಲಿ ಆತನ ಹಳೆಯ ಪತ್ರಿಕಾ ಬರಹಗಳು ಹೊರಬಂದವು. ನಾಜಿಗಳ ಕೈಯಲ್ಲಿದ್ದ ಬೆಲ್ಜಿಯಂನಲ್ಲಿ, ಅವರ ಹಿಡಿತದಲ್ಲಿದ್ದ ಪತ್ರಿಕೆಗೆ ಬರೆದದ್ದು, ಅದರಲ್ಲಿ 1941ರ ಒಂದು ಲೇಖನ ಯಹೂದಿ ದ್ವೇಷದ್ದು. ಡೆರಿಡಾ ಗೆಳೆಯನಿಗಾಗಿ ನೊಂದು ಉದ್ದವಾಗಿ ಬರೆದ. ಆ ಲೇಖನದ ತಪ್ಪನ್ನು ಕ್ಷಮಿಸಲಾಗದ್ದು ಅಂತ ಒಪ್ಪಿಕೊಂಡರೂ, ಅದರ ವಾಕ್ಯಗಳ ಸಂದುಗಳಲ್ಲಿ ಗೆಳೆಯನಿಗೆ ರಿಯಾಯಿತಿ ಹುಡುಕಿದ. ಅಲ್ಲಿ ಡೆರಿಡಾ ಜೊತೆ ನಾನಿಲ್ಲ. ಕೆಲವು ವಾಕ್ಯಗಳು ಏನು ಹೇಳುತ್ತವೆ ಅಂತ ನೇರವಾಗಿ ಹೇಳಿಬಿಡಬೇಕು. ಹಾಗಂತ ಇದೊಂದನ್ನು ತೋರಿಸಿ ಇಡೀ ಚಿಂತನೆಯನ್ನೇ ಕಸದ ಬುಟ್ಟಿಗೆ ಹಾಕಿದವರೂ ಸುಮ್ನೆ ಓದುವ ಕಷ್ಟ ತಪ್ಪಿಸಿಕೊಂಡರು.

ಪ್ರಬಂಧ ತಿದ್ದುವ ಮೊದಲು 'ಫೀಡ್ರಸ್' ಪೂರ್ತಿ ಓದು, ಕೊನೆಯ ಭಾಗವನ್ನು ಇನ್ನೊಮ್ಮೆ ಓದು. ಸಾಕ್ರಟೀಸ್ ಹೇಳಿದ್ದನ್ನು ಅವನೇ ಒಪ್ಪುವ ಹಾಗೆ ನಿನ್ನ ಮಾತಿನಲ್ಲಿ ಒಂದು ಪುಟ ಬರೆದು ನನಗೆ ಕಳಿಸು. ಅದರಲ್ಲಿ ಡೆರಿಡಾ ಹೆಸರು ಬೇಡ. ಆಮೇಲೆ ಮುಂದಿನ ಪುಟದ ಬಗ್ಗೆ ಫೋನಿನಲ್ಲಿ ಮಾತಾಡೋಣ.

ನಿನ್ನ
ದೊಡ್ಡಮ್ಮ